ಓರೆಗೆರೆ

ಯಾರಾದರೂ ಒಂದು ಪುಟ ಕೇಳಿದರೆ ಸಾಕು,
ರಾಹೆ ಪುರಸಭೆಯ ಸರ್ವರ್
ಬೇರಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ,
ಪ್ರತಿ ಕೋಣೆಯ ಬಾಗಿಲ ಹಿಂದೆ ತಡಕುತ್ತದೆ:
ಚುಕ್ಕೆಯಿಂದ ಹೆಸರು ಶುರುವಾಗುವ,
ಪಟ್ಟಿ ಮಾಡಿದರೂ ಕಾಣದ ಆ ಚೀಟಿ
ಇಲ್ಲೇನಾದರೂ ಇದೆಯೇ?
ಇಲ್ಲ. ಮುಂದಿನ ಕೋಣೆ. ಇಲ್ಲಿ?
ಅರೆಕ್ಷಣದ ಹಿಂದೆ ನೋಡಿದ್ದು ನೆನಪಿಲ್ಲ ಅದಕ್ಕೆ.
ಮತ್ತೊಬ್ಬರು ಕೇಳಿದರೆ ಮತ್ತೆ ಬೇರಿನಿಂದ.

ನಾನು ಈ ಕೆಲಸಕ್ಕೆ ಬಂದದ್ದು ನವೆಂಬರಿನಲ್ಲಿ,
ಮೂರು ಗಂಟೆಗೇ ದೀಪ ಹಚ್ಚುವ ತಿಂಗಳು.
ನನಗಿಂತ ಮುಂಚೆ ಇಪ್ಪತ್ತೊಂದು ವರ್ಷ ಇರ್ಮೆಲಿ ಲುಮ್ಮೆ.
ಬಿಟ್ಟುಹೋದದ್ದು: ಕಾಫಿ ಲೋಟ, ಉಣ್ಣೆಯ ಕಾಲುಚೀಲ,
ಕೋಣೆಗೊಂದರಂತೆ ಮೂವತ್ತೇಳು ಚೀಟಿ.

ಟೋಪಿಯ ಗುರುತು ಅಂದರೆ ಇಲ್ಲಿಂದ ಶುರು,
ಡಾಲರ್ ಅಂದರೆ ಇಲ್ಲಿಗೆ ಮುಗಿಯಿತು,
ನಡುವೆ ಚುಕ್ಕೆ, ನಕ್ಷತ್ರ: ಏನು ಬೇಕಾದರೂ ಇರಲಿ.
ಇಷ್ಟು ಔದಾರ್ಯ ಪುರಸಭೆಯ ಬೇರೆ ಯಾವ ಕಾಗದದಲ್ಲೂ ಇಲ್ಲ.
ಹಳೆಯ ವಿಳಾಸ ಹಿಡಿದು ಬಂದವರನ್ನು
ಸದ್ದಿಲ್ಲದೆ ಹೊಸ ಮನೆಗೆ ದಾಟಿಸುತ್ತದೆ ಚೀಟಿ;
ಅವರ ಕಣ್ಣೆದುರು ಹಳೆಯ ಹೆಸರೇ ಉಳಿಯುತ್ತದೆ.

ಕಡೆಯದು ಎಂದು ಬರೆದ ನಿಯಮವೂ ಕಡೆಯದಲ್ಲ.
ಬದಲಾದ ವಿಳಾಸ ಮುಂಬಾಗಿಲಿಗೇ ಹೋಗಿ
ಹೊಸಬರಂತೆ ಕದ ತಟ್ಟುತ್ತದೆ.
ಮೊದಲ ವಾರ ನಾನು ಬರೆದ ನಿಯಮವೊಂದು
ತನ್ನನ್ನು ತನ್ನಲ್ಲಿಗೇ ಕಳಿಸುತ್ತ
ಗಾಣದೆತ್ತಿನ ಹಾಗೆ ಹತ್ತು ಸುತ್ತು ತಿರುಗಿ
ಐನೂರು ಎಂದು ಕುಸಿದು ಕೂತಿತು.
ಶಾಲೆಯ ಊಟದ ಪಟ್ಟಿ ಅರ್ಧ ದಿನ ಊರಿಗೇ ಕಾಣಲಿಲ್ಲ.

ಇರ್ಮೆಲಿ ಮೊದಲೇ ಕೇಳಿಕೊಳ್ಳುತ್ತಿದ್ದಳು:
ಆ ಹೆಸರಿನ ಕಡತ ನಿಜಕ್ಕೂ ಇದೆಯೇ? ಇದ್ದರೆ ಮುಟ್ಟಬೇಡ.
ಹ್ಯಾಶ್ ಹಾಕಿದ ಸಾಲನ್ನು ಸರ್ವರ್ ಓದುವುದಿಲ್ಲ,
ಅಲ್ಲಿ ಅವಳ ಮಾತು:
"ಗ್ರಂಥಾಲಯ ಮೂರನೇ ಸಲ ಹೆಸರು ಬದಲಿಸಿತು. ಇವರಿಗೇನಾಗಿದೆ."
"ಇದು ಯಾಕೆ ನಡೆಯುತ್ತದೋ ತಿಳಿಯದು. ನಡೆಯುತ್ತದೆ."
ನೀರ್ಗಲ್ಲಿನ ಅಳತೆಯ ಕೋಣೆಯಲ್ಲಿ ಒಂದೇ ಸಾಲು:
"ದಡದ ಹಲಗೆ ನೋಡಿ ಬಾ."

ಹೊರಗೆ ಮೈನಸ್ ಹದಿನೆಂಟು. ನಾನು ಹೋಗಲಿಲ್ಲ.

ಕೈಪಿಡಿಯ ಬುದ್ಧಿವಾದ: ಕೋಣೆ ಕೋಣೆಯ ಚೀಟಿ ಬೇಡ,
ಎಲ್ಲವನ್ನೂ ಮುಖ್ಯ ಪುಸ್ತಕಕ್ಕೆ ತಾ,
ಸರ್ವರ್ ಏಳುವಾಗ ಒಮ್ಮೆ ಓದಿಕೊಳ್ಳಲಿ, ತಡಕಾಟ ತಪ್ಪಲಿ.
ಫೆಬ್ರವರಿಯ ಒಂದು ಶುಕ್ರವಾರ ಮೂವತ್ತೇಳನ್ನೂ ತಂದೆ,
ಒಂದಕ್ಷರ ಬಿಡದೆ ನಕಲು ಮಾಡಿದೆ.
ಮುಖಪುಟ ತೆರೆಯಿತು. ಮನೆಗೆ ಹೋದೆ.

ಕೋಣೆಯ ಚೀಟಿಗೆ ತಾನು ನಿಂತ ಜಾಗ ಗೊತ್ತು;
ಅಲ್ಲಿಯವರೆಗಿನ ದಾರಿಯನ್ನೆಲ್ಲ, ಓರೆಗೆರೆ ಸಮೇತ,
ಕತ್ತರಿಸಿ ಉಳಿದದ್ದನ್ನಷ್ಟೇ ಓದುತ್ತದೆ.
ಮನೆಯೊಳಗೆ ಯಾರು ಊರು, ಜಿಲ್ಲೆ ಸೇರಿಸಿ ಕೂಗುತ್ತಾರೆ?
ಮುಖ್ಯ ಪುಸ್ತಕಕ್ಕೆ ಎಲ್ಲ ಬೇಕು,
ತುದಿಯ ಆ ಮೊದಲ ಓರೆಗೆರೆಯೂ.
ಗೆರೆಯಿಲ್ಲದ ನಿಯಮ ಯಾವುದಕ್ಕೂ ಹೊಂದುವುದಿಲ್ಲ,
ಹೊಂದಲಿಲ್ಲ ಅಂತ ಯಾರಿಗೂ ಹೇಳುವುದಿಲ್ಲ.

ಸೋಮವಾರ ಫೋನು. ಹಿಲ್ಯಾ ಪೆಸೊನೆನ್, ವಯಸ್ಸು ಎಂಬತ್ತೊಂದು.
"ನೀರ್ಗಲ್ಲು ಎಷ್ಟು ದಪ್ಪ ಅಂತ ನೋಡಿದೆ,
ಸಿಗಲಿಲ್ಲ ಅಂತ ಬಂತು.
ಸಿಗಲಿಲ್ಲ ಅಂದಮೇಲೆ ಕಾಲಿಡುವುದು ಹೇಗೆ?
ಬೈರಿಗೆ ಒಳಗಿಟ್ಟೆ. ಎರಡು ದಿನ ಬರೀ ಆಲೂಗಡ್ಡೆ ತಿಂದೆವು."

ಅವತ್ತು ಹೋದೆ ದಡಕ್ಕೆ.
ಮರದ ಹಲಗೆ, ಬಿಳಿ ಬಣ್ಣದಲ್ಲಿ ಕೈಬರಹದ ವಿಳಾಸ,
ಈಗ ಆ ಹೆಸರಿನ ಕಡತ ಯಾವ ಡಿಸ್ಕಿನಲ್ಲೂ ಇಲ್ಲ.
ಕೆಳಗೆ: ಹೆಜ್ಜೆ ಇಡುವ ಮುಂಚೆ ನೋಡಿ.
ಮೊಳೆ ತುಕ್ಕು ಹಿಡಿದು ಮರದೊಳಗೇ ಸೇರಿಹೋಗಿತ್ತು.
ಎದುರಿಗೆ ಕಲ್ಲಾದ ಸಮುದ್ರ, ನಲವತ್ತೊಂದು ಸೆಂಟಿಮೀಟರ್;
ದೂರದಲ್ಲಿ ಬಕೆಟ್ಟು ಬೋರಲು ಹಾಕಿ ಕೂತ ಯಾರೋ
ತಾವು ಕೊರೆದ ತೂತನ್ನೇ ನೋಡುತ್ತಿದ್ದರು.

ಮೂವತ್ತಾರಕ್ಕೆ ಗೆರೆ ಎಳೆದೆ.
ನೀರ್ಗಲ್ಲಿನ ಚೀಟಿಯನ್ನು ಮಾತ್ರ ಅದರ ಕೋಣೆಯಲ್ಲೇ ಮರಳಿ ಇಟ್ಟೆ,
ಸರ್ವರ್ ತಡಕಿಕೊಳ್ಳಲಿ.
ಇರ್ಮೆಲಿಯ ಸಾಲಿನ ಕೆಳಗೆ ಒಂದು ಹ್ಯಾಶ್ ಹಾಕಿ ಬರೆದೆ:
ನೋಡಿ ಬಂದೆ.